ಆಟದ ಕಳ್ಳನಿಗೆ ದಂಡವೆಷ್ಟು?

ಅಳತೆ ತೂಕದಿಂದ ಹೊಟ್ಟೆ ಹೊರೆಯುವವರು ಎರಡು ಬಗೆಯ ತಪ್ಪನ್ನು ಬಲ್ಲರು. ಕೊಡುವಾಗ ಕಡಿಮೆ ಅಳೆಯುವುದು ಒಂದು, ಕೊಳ್ಳುವಾಗ ಹೆಚ್ಚು ಅಳೆಯುವುದು ಇನ್ನೊಂದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿ ಆಚಾರ್ಯರು ಇವೆರಡನ್ನೂ ಕೂಡಿಸಿ ‘ಹೀನಾಧಿಕ ಮಾನೋನ್ಮಾನ’ ಎಂಬ ಒಂದೇ ಹೆಸರಿಟ್ಟಿದ್ದಾರೆ. ಅಳತೆ ಕಡಿಮೆಯಾದರೂ ದೋಷ, ಹೆಚ್ಚಾದರೂ ದೋಷ. ಈ ಮಾತು ಅಂಗಡಿಯ ಹೊಸ್ತಿಲಲ್ಲಿಯೇ ನಿಲ್ಲುವುದಿಲ್ಲ. ತಪ್ಪು ಮಾಡಿದವನಿಗೆ ವಿಧಿಸುವ ದಂಡಕ್ಕೂ ಒಂದು ತೂಕವಿದೆ. ದಂಡ ವಿಧಿಸುವವನ ಕೈಯಲ್ಲಿರುವ ತಕ್ಕಡಿಯೂ ಸರಿಯಾಗಿರಬೇಕು. ನಮ್ಮ ಮಕ್ಕಳು ಮೊಬೈಲಿನಲ್ಲಿ ಆಡುವ ಆಟಗಳಿಂದಾಗಿ ಈ ಪ್ರಶ್ನೆ ಈಗ ಮನೆಯೊಳಗೇ ಬಂದು ಕುಳಿತಿದೆ. ಆದ್ದರಿಂದ ವಾಚಕ ಬಂಧುಗಳೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆನಿಸಿತು.

ಹಿರಿಯ ವಾಚಕರಿಗಾಗಿ ಆಟದ ಸ್ವರೂಪವನ್ನು ಮೊದಲು ಹೇಳುತ್ತೇವೆ. ಹಿಂದೆ ಚೌಕಾಬಾರ, ಕೇರಂ ಆಡಲು ನಾಲ್ವರು ಒಂದು ಜಮಖಾನೆಯ ಸುತ್ತ ಕೂಡುತ್ತಿದ್ದರು. ಈಗ ಒಬ್ಬ ಅಕ್ಕಲಕೋಟೆಯಲ್ಲಿ, ಒಬ್ಬ ಅಸ್ಸಾಮಿನಲ್ಲಿ, ಮತ್ತೊಬ್ಬ ದುಬೈಯಲ್ಲಿ ಕುಳಿತು ಇಂಟರ್‌ನೆಟ್ ಮೂಲಕ ಒಂದೇ ಆಟದಲ್ಲಿ ಸೇರುತ್ತಾರೆ. 2020ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರ ನಿಷೇಧಿಸಿದ ‘ಪಬ್‌ಜಿ’ಯ ಹೆಸರನ್ನು ತಾವು ಕೇಳಿರಬಹುದು. ಅಂಥ ಆಟದಲ್ಲಿ ನೂರು ಜನರವರೆಗೆ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಕೊನೆಯವರೆಗೆ ಉಳಿದವನು, ಅಥವಾ ಉಳಿದ ತಂಡ, ಗೆದ್ದಂತೆ. ಪ್ರತಿಯೊಬ್ಬ ಆಟಗಾರನಿಗೂ ಕಂಪನಿಯಲ್ಲಿ ಒಂದು ಖಾತೆ. ಗೆದ್ದಂತೆಲ್ಲ ಆ ಖಾತೆಯಲ್ಲಿ ಅಂಕ ಏರುತ್ತದೆ, ದರ್ಜೆ ಏರುತ್ತದೆ.

ಇಲ್ಲಿ ಮೋಸ ಹೇಗೆಂದರೆ, ಆಟದ ಜೊತೆಗೆ ಕಳ್ಳತನದಿಂದ ಇನ್ನೊಂದು ಪ್ರೋಗ್ರಾಮನ್ನು ಹೂಡುತ್ತಾರೆ. ಮಕ್ಕಳು ಇದನ್ನು ‘ಹ್ಯಾಕ್’ ಎನ್ನುತ್ತಾರೆ. ಒಂದು ಬಗೆಯದು ಗೋಡೆಯಾಚೆ ಅಡಗಿದವನನ್ನು ತೋರಿಸಿಕೊಡುತ್ತದೆ. ಇನ್ನೊಂದು ಬಗೆಯದು ಆಡುವವನ ಪರವಾಗಿ ತಾನೇ ಗುರಿ ಹಿಡಿಯುತ್ತದೆ. ಪ್ರಶ್ನೆಪತ್ರಿಕೆಯನ್ನು ಹಿಂದಿನ ರಾತ್ರಿಯೇ ಕಂಡವನು ಪರೀಕ್ಷೆಗೆ ಕುಳಿತಂತೆ.

‘ಗುಂಡು ಹಾರಿಸುವ ಆಟವನ್ನು ನಮ್ಮ ಮಕ್ಕಳು ಆಡುವುದೇ ತಪ್ಪು, ಅದರಲ್ಲಿ ನ್ಯಾಯದ ವಿಚಾರವೆಲ್ಲಿಂದ ಬಂತು?’ ಎಂದು ಕೆಲವು ಧರ್ಮಬಂಧುಗಳು ಕೇಳಿಯಾರು. ಕೇಳುವುದು ಸರಿಯೇ. ಜನ್ನಕವಿಯ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟದ್ದಕ್ಕೇ ಜನ್ಮಜನ್ಮಾಂತರ ತೊಳಲಿದ ಕಥೆಯನ್ನು ಬಲ್ಲ ನಾವು, ಭಾವಹಿಂಸೆಯನ್ನು ಹಗುರವಾಗಿ ಕಾಣುವಂತಿಲ್ಲ. ಹಾಗೆಯೇ ಹಣ ಕಟ್ಟಿ ಆಡುವ ಆಟ ಸಪ್ತವ್ಯಸನಗಳಲ್ಲಿ ಮೊದಲು ಎಣಿಸುವ ದ್ಯೂತವೇ ಆಗಿದೆ. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಅಂಥ ಆಟಗಳನ್ನು ಕಾಯ್ದೆಯಿಂದಲೇ ನಿಷೇಧಿಸಿದ್ದು ಒಳ್ಳೆಯದಾಯಿತು. ಆದರೆ ಚದುರಂಗವೂ ಇಂದು ಮೊಬೈಲಿನಲ್ಲಿಯೇ ನಡೆಯುತ್ತದೆ, ಅಲ್ಲಿಯೂ ಮೋಸವಿದೆ. ಯಾವ ಆಟ ಆಡಬೇಕು ಎಂಬುದು ಒಂದು ವಿಚಾರ, ಆಡಿದ ಆಟದಲ್ಲಿ ಮೋಸ ಮಾಡಿದವನನ್ನು ಏನು ಮಾಡಬೇಕು ಎಂಬುದು ಇನ್ನೊಂದು ವಿಚಾರ. ಇಂದಿನ ಮಾತು ಎರಡನೆಯದು.

ಆಟದ ಮೋಸ ಕ್ಷುಲ್ಲಕವೆಂದು ನಾವು ತಿಳಿಯುವುದಿಲ್ಲ. ನೂರು ಜನರ ಆಟದಲ್ಲಿ ಒಬ್ಬ ಮೋಸಗಾರ ಸೇರಿದರೆ ತೊಂಬತ್ತೊಂಬತ್ತು ಜನರ ಹೊತ್ತು, ಪರಿಶ್ರಮ ನೀರಿನಲ್ಲಿ ಹೋಮ. ಅವನ ಖಾತೆಯಲ್ಲಿ ಏರಿದ ದರ್ಜೆ ಖೋಟಾ ನಾಣ್ಯ. ಖೋಟಾ ಮಾಲನ್ನು ಅಸಲಿಯೆಂದು ಸಾಗಿಸುವುದಕ್ಕೆ ಶಾಸ್ತ್ರದಲ್ಲಿ ‘ಪ್ರತಿರೂಪಕ ವ್ಯವಹಾರ’ ಎಂಬ ಹೆಸರಿದೆ, ಅದೂ ಅಚೌರ್ಯದ ಐದು ಅತಿಚಾರಗಳಲ್ಲಿ ಒಂದು. ಮೇಲಾಗಿ ಇಂದು ಈ ಆಟಗಳಲ್ಲಿ ಜೀವನೋಪಾಯವೂ ಸೇರಿದೆ. 2021ರಲ್ಲಿ ನಮ್ಮ ದೇಶದಲ್ಲಿ ಘೋಷಣೆಯಾದ ಒಂದು ಪಂದ್ಯಾವಳಿಯ ಒಟ್ಟು ಬಹುಮಾನ ಒಂದು ಕೋಟಿ ರೂಪಾಯಿ ಇತ್ತು. ಹೀಗಿರುವಾಗ ‘ಆಟದಲ್ಲಿ ಏನಂತೆ’ ಎಂದು ಬಿಟ್ಟುಬಿಡುವುದು ಕಡಿಮೆ ತೂಗಿದಂತಾಯಿತು.

ಇನ್ನು ಹೆಚ್ಚು ತೂಗುವ ಬಗೆ. ವಾಲ್ವ್ ಎಂಬ ಅಮೆರಿಕದ ಕಂಪನಿ 2002ರಿಂದ ಮೋಸ ಪತ್ತೆ ಮಾಡುವ ಒಂದು ಯಂತ್ರವ್ಯವಸ್ಥೆಯನ್ನು ನಡೆಸುತ್ತ ಬಂದಿದೆ. ಅದರ ನಿಷೇಧಕ್ಕೆ ಅವಧಿಯೆಂಬುದಿಲ್ಲ, ಅದು ಕಾಯಂ. ಆಟಗಾರನ ಹೆಸರಿನ ಪುಟದಲ್ಲಿ ಬೇರೆಯವರಿಗೂ ಕಾಣುವಂತೆ ಅದನ್ನು ನಮೂದಿಸುತ್ತಾರೆ. ಸಾಕ್ಷ್ಯ ಕೇಳಿದರೆ ತೋರಿಸುವುದಿಲ್ಲ. ಇದಕ್ಕೆ ಅವರ ಕಾರಣವೂ ಇದೆ. ಹೇಗೆ ಹಿಡಿದೆವೆಂದು ಹೇಳಿದರೆ ಹ್ಯಾಕ್ ಮಾಡುವವರು ಮರುದಿನವೇ ಆ ದಾರಿಯನ್ನು ಮುಚ್ಚಿಕೊಳ್ಳುತ್ತಾರೆ. ಕಳ್ಳನಿಗೆ ಬೀಗದ ಗುಟ್ಟು ಹೇಳಲಾಗದೆಂಬ ಮಾತನ್ನು ನಾವೂ ಒಪ್ಪುತ್ತೇವೆ. ಆದರೆ ಗುಟ್ಟಿನ ನ್ಯಾಯದಲ್ಲಿ ಅಪಾಯವೂ ಇದೆ. 2010ರ ಜುಲೈಯಲ್ಲಿ ಇದೇ ವ್ಯವಸ್ಥೆ ‘ಮಾಡರ್ನ್ ವಾರ್‌ಫೇರ್ 2’ ಎಂಬ ಆಟದ ಸುಮಾರು 12,000 ಜನರನ್ನು ಮೋಸಗಾರರೆಂದು ನಿಷೇಧಿಸಿತು. ಅವರು ಯಾರೂ ತಪ್ಪಿತಸ್ಥರಾಗಿರಲಿಲ್ಲ. ಕಂಪನಿಯೇ ಆಟದ ಕಡತವನ್ನು ಬದಲಿಸುವಾಗ ಡಿಸ್ಕಿನಲ್ಲಿದ್ದ ಪ್ರತಿಗೂ ಮೆಮೊರಿಯಲ್ಲಿದ್ದ ಪ್ರತಿಗೂ ತಾಳೆ ಬೀಳಲಿಲ್ಲ. ಕೀರ್ದಿಗೂ ಖಾತೆಗೂ ತಾಳೆಯಾಗದಿದ್ದಾಗ ಬರೆದವನ ಕೈತಪ್ಪನ್ನು ನೋಡದೆ ಗಿರಾಕಿಯನ್ನು ಕಳ್ಳನೆಂದಂತಾಯಿತು. ಆಗ ಕಂಪನಿಯ ಮುಖ್ಯಸ್ಥ ಗೇಬ್ ನ್ಯೂವೆಲ್ ಕ್ಷಮೆ ಕೇಳಿ, ನಿಷೇಧ ತೆಗೆದು, ನೊಂದವರಿಗೆ ಇನ್ನೊಂದು ಆಟವನ್ನು ಉಚಿತವಾಗಿ ಕೊಟ್ಟರು. ಗೆಳೆಯರಿಗೆ ಕೊಡಲೆಂದು ಮತ್ತೊಂದು ಪ್ರತಿಯನ್ನೂ ಕೊಟ್ಟರು. ಆ ನಡೆ ಮೆಚ್ಚತಕ್ಕದ್ದು. ಆದರೆ ತಪ್ಪು ಬೆಳಕಿಗೆ ಬಂದದ್ದು ಹನ್ನೆರಡು ಸಾವಿರ ಜನರ ವಿಷಯದಲ್ಲಿ. ಒಬ್ಬನೇ ಇದ್ದಿದ್ದರೆ ಅವನ ಕೂಗು ಯಾರಿಗೆ ಕೇಳಿಸುತ್ತಿತ್ತು?

ಅದೇ ಕಂಪನಿ ಚೆನ್ನಾಗಿ ಅಳೆದದ್ದನ್ನೂ ಹೇಳಬೇಕು. 2023ರ ಫೆಬ್ರುವರಿಯಲ್ಲಿ ‘ದೋಟಾ 2’ ಆಟದಲ್ಲಿ ಅದು 40,000ಕ್ಕೂ ಹೆಚ್ಚು ಖಾತೆಗಳನ್ನು ಮುಚ್ಚಿತು. ಅದಕ್ಕೆ ಮೊದಲು ಆಟದೊಳಗೆ, ಸರಿಯಾಗಿ ಆಡುವವರ ಯಂತ್ರ ಎಂದೂ ಓದದಂಥ ಒಂದು ಗುಪ್ತ ಜಾಗವನ್ನು ಇರಿಸಿತು. ಹ್ಯಾಕ್ ಪ್ರೋಗ್ರಾಮುಗಳು ಮಾತ್ರ ಅಲ್ಲಿಗೆ ಕೈ ಹಾಕುತ್ತಿದ್ದವು. ಅಲ್ಲಿಗೆ ಕೈ ಹಾಕಿದವರನ್ನು ಮಾತ್ರ ಹಿಡಿಯಿತು. ಬಳಿಕ ತಾನು ಹೇಗೆ ಹಿಡಿದೆನೆಂದು ಬಹಿರಂಗವಾಗಿ ಹೇಳಿತು. ಸಂಖ್ಯೆ ದೊಡ್ಡದಾದರೂ ನಿರಪರಾಧಿಗೆ ಪೆಟ್ಟು ಬೀಳದಂತೆ ನೋಡಿಕೊಂಡ ಬಗೆ ಇದು. ಮೊದಲು ಸಾಕ್ಷ್ಯ, ಆಮೇಲೆ ದಂಡ.

ಈ ವಿಚಾರ ನಮ್ಮನ್ನು ತಟ್ಟಿದ್ದು ಮನೆಯ ಒಂದು ಪ್ರಸಂಗದಿಂದ. ಹತ್ತನೆಯ ಇಯತ್ತೆಯಲ್ಲಿದ್ದ ನಮ್ಮ ಮೊಮ್ಮಗ ಯಾರಿಗೋ ಮುನ್ನೂರು ರೂಪಾಯಿ ಕೊಟ್ಟು ಒಂದು ಹ್ಯಾಕ್ ತರಿಸಿ, ತಾಯಿಯ ಫೋನಿನಲ್ಲಿ ಹಾಕಿಕೊಂಡು ಆಡಿದ. ಹದಿನೈದು ದಿನಗಳಲ್ಲಿ ಸಿಕ್ಕಿಬಿದ್ದ. ಕಂಪನಿಯವರು ಅವನ ಖಾತೆಯನ್ನು ಹತ್ತು ವರ್ಷ ಮುಚ್ಚಿದರು. ಅಷ್ಟಕ್ಕೇ ಬಿಡದೆ ಆ ಫೋನನ್ನೇ ಆಟದಿಂದ ಹೊರಗಿಟ್ಟರು. ಆದರೆ ಅದೇ ಫೋನಿನಲ್ಲಿ ಅವನ ತಂಗಿಯೂ ತನ್ನ ಬೇರೆ ಖಾತೆಯಿಂದ ಆಡುತ್ತಿದ್ದಳು. ಎರಡು ವರ್ಷ ಕಷ್ಟಪಟ್ಟು ಮೇಲಿನ ದರ್ಜೆಗೆ ಏರಿದ್ದಳು. ಫೋನಿನ ಜೊತೆಗೆ ಅವಳ ಖಾತೆಯೂ ಹೋಯಿತು. ಅವಳು ನಮ್ಮ ಹತ್ತಿರ ಬಂದು, “ಅಜ್ಜಾ, ಕದ್ದಾವ ಅಂವ. ನಾ ಏನ ಮಾಡೀನಿ? ನನಗ್ಯಾಕ ಶಿಕ್ಷಾ?” ಎಂದು ಕೇಳಿದಳು.

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಇದಕ್ಕೇ ಹುಟ್ಟಿದಂತಿದೆ. ಕಂಪನಿಯ ಲೆಕ್ಕವೂ ತಿಳಿಯದ್ದಲ್ಲ. ಖಾತೆಯನ್ನಷ್ಟೇ ಮುಚ್ಚಿದರೆ ಮೋಸಗಾರ ಐದು ನಿಮಿಷದಲ್ಲಿ ಹೊಸ ಖಾತೆ ತೆರೆಯುತ್ತಾನೆ, ಫೋನನ್ನು ಮುಚ್ಚಿದರೆ ಹೊಸ ಫೋನು ಕೊಳ್ಳಬೇಕಾಗುತ್ತದೆ. ಆದರೆ ಒಬ್ಬರಿಗೆ ಒಂದು ಫೋನು ಇರುವ ದೇಶದಲ್ಲಿ ಕೂಡಿಸಿದ ಲೆಕ್ಕ ಇದು. ನಮ್ಮಲ್ಲಿ ಒಂದು ಫೋನು ತಾಯಿಯ ಕೈಯಿಂದ ಮಗನಿಗೆ, ಮಗನಿಂದ ಮಗಳಿಗೆ ತಿರುಗುತ್ತದೆ. ಹಳೆಯದಾದ ಮೇಲೆ ಅರ್ಧ ಬೆಲೆಗೆ ಮಾರಾಟವಾಗಿ ಇನ್ನೊಬ್ಬ ಬಡ ಹುಡುಗನನ್ನು ಸೇರುತ್ತದೆ. ಕೊಂಡ ಹುಡುಗನಿಗೆ ಫೋನಿನ ಜೊತೆಗೆ ಹಿಂದಿನವನ ದಂಡವೂ ಬರುತ್ತದೆ. ಮೊಮ್ಮಗಳಿಂದ ಇಂಗ್ಲಿಷಿನಲ್ಲಿ ಅರ್ಜಿ ಬರೆಸಿ ಕಳಿಸಿದೆವು. ಎರಡು ನಿಮಿಷದಲ್ಲಿ ಉತ್ತರ ಬಂತು: ನಿರ್ಣಯ ಅಂತಿಮ, ಬದಲಾಗದು. ಎರಡು ನಿಮಿಷದಲ್ಲಿ ಅದನ್ನು ಮನುಷ್ಯರು ಯಾರೂ ಓದಿರಲಾರರು.

ಒಬ್ಬನ ತಪ್ಪಿಗೆ ಜೊತೆಯವರು ತೆತ್ತ ಇನ್ನೊಂದು ಉದಾಹರಣೆ ದೊಡ್ಡ ವೇದಿಕೆಯಲ್ಲಿಯೂ ಆಗಿದೆ. 2018ರ ಅಕ್ಟೋಬರಿನಲ್ಲಿ ಚೀನದ ಶಾಂಘೈಯಲ್ಲಿ ‘ಕೌಂಟರ್ ಸ್ಟ್ರೈಕ್’ ಆಟದ ಪಂದ್ಯಾವಳಿ ನಡೆಯಿತು. ಭಾರತದ ಐವರ ತಂಡ ಅಲ್ಲಿಗೆ ಹೋಗಿತ್ತು. ಅವರಲ್ಲಿ ಒಬ್ಬನ ಯಂತ್ರದಲ್ಲಿ ಗುರಿ ಹಿಡಿಸುವ ಪ್ರೋಗ್ರಾಮು ಇತ್ತು. ಮೇಲ್ವಿಚಾರಕ ಬಳಿಗೆ ಬಂದಾಗ ಅವನು ಅದನ್ನು ಅಳಿಸಲು ಯತ್ನಿಸಿದ. ಇಡೀ ತಂಡವನ್ನು ಹೊರಹಾಕಿದರು, ಒಡೆಯರು ತಂಡವನ್ನೇ ವಿಸರ್ಜಿಸಿದರು. ತಪ್ಪಿತಸ್ಥನಿಗೆ ಕ್ರೀಡಾ ಪ್ರಾಮಾಣಿಕತೆಯನ್ನು ನೋಡಿಕೊಳ್ಳುವ ಸಂಸ್ಥೆ ಐದು ವರ್ಷ ನಿಷೇಧ ಹೇರಿತು. ಆ ಐದು ವರ್ಷ ಅಳೆದು ಕೊಟ್ಟ ದಂಡ, ಸರಿಯೇ. ತಂಡ ಗೆದ್ದದ್ದು ಮೋಸದಿಂದಾದರೆ ಆ ಗೆಲುವನ್ನು ಕಿತ್ತುಕೊಳ್ಳುವುದೂ ಸರಿಯೇ. ಆದರೆ ಉಳಿದ ನಾಲ್ವರ ಕೈಯಿಂದ ಕೆಲಸ ಹೋಯಿತಲ್ಲ, ಅದಕ್ಕೆ ಯಾವ ತೀರ್ಪಿನಲ್ಲಿಯೂ ಅವಧಿ ಬರೆದಿರಲಿಲ್ಲ.

ದಂಡ ಆಳು ನೋಡಿ ಬದಲಾಗುವುದೂ ಉಂಟು. 2021ರ ಜೂನಿನಲ್ಲಿ ಕೋವಿಡ್ ಪರಿಹಾರಕ್ಕೆ ಹಣ ಕೂಡಿಸಲು ವಿಶ್ವನಾಥನ್ ಆನಂದ್ ಅವರು ಹಲವು ಪ್ರಸಿದ್ಧರೊಡನೆ ಅಂತರ್ಜಾಲದಲ್ಲಿ ಚದುರಂಗವಾಡಿದರು. ಬೆಂಗಳೂರಿನ ಒಬ್ಬ ಶ್ರೀಮಂತ ಉದ್ಯಮಿ ಆನಂದರನ್ನೇ ಸೋಲಿಸಿದರು. ಆಮೇಲೆ ಬೇರೆಯವರ ಹಾಗೂ ಕಂಪ್ಯೂಟರಿನ ಸಹಾಯ ಪಡೆದೆನೆಂದು ತಾವೇ ಒಪ್ಪಿಕೊಂಡು ಕ್ಷಮೆ ಕೇಳಿದರು. ಚೆಸ್ ಡಾಟ್ ಕಾಮ್ ಸಂಸ್ಥೆ ಅವರ ಖಾತೆಯನ್ನು ಮೊದಲು ಮುಚ್ಚಿತು, ಆಮೇಲೆ ತೆರೆಯಿತು. ಆ ಆಟಕ್ಕೆ ಅಂಕಗಳಿರಲಿಲ್ಲ, ಆನಂದರಿಗೂ ವಿಷಯವನ್ನು ಬೆಳೆಸುವ ಮನಸ್ಸಿರಲಿಲ್ಲ ಎಂಬ ಕಾರಣ ಕೊಟ್ಟರು. ಒಪ್ಪಿಕೊಂಡವನಿಗೆ ಬಾಗಿಲು ತೆರೆದದ್ದರಲ್ಲಿ ನಮಗೆ ತಕರಾರಿಲ್ಲ. ಹೆಸರಿಲ್ಲದ ಹಳ್ಳಿಯ ಹುಡುಗನೂ ಒಪ್ಪಿಕೊಂಡು ಬಂದರೆ ಆ ಬಾಗಿಲು ಅಷ್ಟೇ ಬೇಗ ತೆರೆಯಬೇಕು, ಅಷ್ಟೇ ನಮ್ಮ ಅಂಬೋಣ. ತಕ್ಕಡಿಗೆ ಗಿರಾಕಿಯ ಮುಖ ಕಾಣಬಾರದು.

ಹಾಗಾದರೆ ಸರಿಯಾದ ಅಳತೆ ಯಾವುದು? ನಮಗೆ ಹೊರಗೆ ಹುಡುಕಬೇಕಾಗಿಲ್ಲ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳನ್ನು ಹೇಳಿದೆ: ಆಲೋಚನೆ, ಪ್ರತಿಕ್ರಮಣ, ತದುಭಯ, ವಿವೇಕ, ವ್ಯುತ್ಸರ್ಗ, ತಪ, ಛೇದ, ಪರಿಹಾರ, ಉಪಸ್ಥಾಪನೆ. ಇವು ಮುನಿಗಳಿಗೆ ಹೇಳಿದವು, ಆದರೆ ಇದರೊಳಗಿನ ಮೆಟ್ಟಿಲುಗಳನ್ನು ಗೃಹಸ್ಥರೂ ನೋಡಿ ಕಲಿಯಬಹುದು. ಮೊದಲ ಮೆಟ್ಟಿಲು ಗುರುವಿನ ಮುಂದೆ ತಪ್ಪನ್ನು ಮುಚ್ಚದೆ ಹೇಳುವುದು. ಛೇದವೆಂದರೆ ದೀಕ್ಷೆಯ ಹಿರಿತನದಲ್ಲಿ ಇಷ್ಟು ದಿನ, ಇಷ್ಟು ತಿಂಗಳು ಎಂದು ಕತ್ತರಿಸುವುದು. ಆಟದವರು ದರ್ಜೆ ಇಳಿಸುವುದು ಇದನ್ನೇ ಹೋಲುತ್ತದೆ. ಪರಿಹಾರವೆಂದರೆ ಗೊತ್ತಾದ ಅವಧಿಯವರೆಗೆ ಸಂಘದಿಂದ ದೂರವಿಡುವುದು. ಎಲ್ಲಕ್ಕೂ ಕೊನೆಯದು ಉಪಸ್ಥಾಪನೆ. ಅದು ಹೊರಗೆ ತಳ್ಳುವುದಲ್ಲ, ಹೊಸದಾಗಿ ದೀಕ್ಷೆ ಕೊಟ್ಟು ಒಳಗೆ ಕರೆದುಕೊಳ್ಳುವುದು. ಇದನ್ನು ವಾಚಕರು ಗಮನಿಸಬೇಕು. ಕಟ್ಟಕಡೆಯ ಮೆಟ್ಟಿಲಿನಲ್ಲಿಯೂ ಬಾಗಿಲಿದೆ.

ಆಟದ ಲೋಕಕ್ಕೂ ಇದು ನಿಧಾನವಾಗಿ ತಿಳಿಯುತ್ತಿರುವಂತೆ ಕಾಣುತ್ತದೆ. ಫಿನ್‌ಲ್ಯಾಂಡಿನ ಒಬ್ಬ ತರುಣ ಆಟಗಾರನಿಗೆ ಹುಡುಗತನದಲ್ಲಿ ಬಿದ್ದ ನಿಷೇಧದಿಂದಾಗಿ ದೊಡ್ಡ ಪಂದ್ಯಾವಳಿಗಳ ದಾರಿಯೇ ಮುಚ್ಚಿತ್ತು. ಅವನು ಕೋರ್ಟಿಗೆ ಹೋಗಿ ಸೋತ. ಆದರೆ 2021ರಲ್ಲಿ ಕಂಪನಿಯೇ ನಿಯಮವನ್ನು ಸಡಿಲಿಸಿತು. ದೊಡ್ಡ ಪಂದ್ಯಾವಳಿಗೆ ಕಾಲಿಡುವ ಮುಂಚೆ ಬಿದ್ದ ನಿಷೇಧಕ್ಕೆ ಐದು ವರ್ಷ ದಾಟಿದ್ದರೆ ಆಟಗಾರ ಬರಬಹುದೆಂದಿತು. ಹದಿನಾಲ್ಕರಲ್ಲಿ ಮಾಡಿದ್ದನ್ನು ನಾಲ್ವತ್ತರವರೆಗೆ ಎಳೆಯಬಾರದೆಂಬ ವಿವೇಕ ಅದರಲ್ಲಿದೆ.

ನೊಂದವರ ಪಾಲನ್ನೂ ಮರೆಯಬಾರದು. ನಮ್ಮ ತಂದೆಯವರ ಕಾಲದಲ್ಲಿ ನಮ್ಮ ಬಟ್ಟೆ ಅಂಗಡಿಯ ಒಬ್ಬ ಗುಮಾಸ್ತ ಮೀಟರಿಗೆ ಎರಡು ಬೆರಳು ಕಡಿಮೆ ಅಳೆದು ಉಳಿದ ತುಂಡುಗಳನ್ನು ಹೊರಗೆ ಮಾರುತ್ತಿದ್ದ. ತಂದೆಯವರು ಅವನನ್ನು ಓಡಿಸಲಿಲ್ಲ, ಬಜಾರದಲ್ಲಿ ಸಾರಲಿಲ್ಲ. ಗೊತ್ತಿದ್ದ ಗಿರಾಕಿಗಳ ಮನೆಗೆ ಅವನ ಕೈಯಿಂದಲೇ ಹಣ ಮುಟ್ಟಿಸಿದರು. ಒಂದು ವರ್ಷ ಮೀಟರ್ ಪಟ್ಟಿ ಮುಟ್ಟಗೊಡದೆ ಥಾನು ಮಡಿಸುವ ಕೆಲಸಕ್ಕೆ ಹಾಕಿದರು. ವರ್ಷ ತುಂಬಿದ ದಿನ ಪಟ್ಟಿಯನ್ನು ಮರಳಿ ಕೈಗಿತ್ತರು. ಆಟದಲ್ಲಿಯೂ ಹೀಗೆ ಮರಳಿಸುವವರಿದ್ದಾರೆ. ಚೆಸ್ ಡಾಟ್ ಕಾಮ್ ಸಂಸ್ಥೆ ಮೋಸಗಾರನೆದುರು ಸೋತವರಿಗೆ ಅವರು ಕಳೆದುಕೊಂಡ ಅಂಕಗಳನ್ನು ತಿರುಗಿ ಕೊಡುತ್ತದೆ. ಕಳ್ಳನನ್ನು ಹೊರಹಾಕಿ ಕದ್ದ ಮಾಲನ್ನು ಮರೆಯುವ ದಂಡ ಅರ್ಧ ದಂಡ.

ಹೆಸರು ಸಾರುವ ವಿಷಯದಲ್ಲಿ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಗೂಹನ ಅಂಗಕ್ಕೆ ಉದಾಹರಣೆಯಾಗಿ ಬರುವ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆ ತಮಗೆ ತಿಳಿದೇ ಇದೆ. ಕ್ಷುಲ್ಲಕನ ವೇಷದಲ್ಲಿ ಬಂದ ಕಳ್ಳ ಚೈತ್ಯಾಲಯದ ಪಾರ್ಶ್ವನಾಥ ಸ್ವಾಮಿಯ ಛತ್ರದ ವೈಡೂರ್ಯವನ್ನು ಕದ್ದು ಓಡುವಾಗ ಕಾವಲುಗಾರರು ಬೆನ್ನಟ್ಟಿದರು. ಶ್ರೇಷ್ಠಿ ‘ನಾನೇ ತರಹೇಳಿದ್ದೆ’ ಎಂದು ಅವರನ್ನು ಕಳಿಸಿದ. ಧರ್ಮಕ್ಕೆ ಅಪವಾದ ಬರಬಾರದೆಂಬುದು ಅವನ ಉದ್ದೇಶ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ರಾತ್ರಿ ಆ ಕಳ್ಳನನ್ನು ಮನೆಯಿಂದ ಹೊರಗೆ ಕಳಿಸಿದ. ತಪ್ಪನ್ನು ಜಗಜ್ಜಾಹೀರು ಮಾಡಲಿಲ್ಲ, ತಪ್ಪನ್ನು ಸರಿಯೆನ್ನಲೂ ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಹುಡುಗರ ಮಾನವನ್ನು ಕೆಡಿಸುವ ಮುಂಚೆ ಹಿರಿಯರು ಹತ್ತು ಸಲ ಯೋಚಿಸಬೇಕು.

ಇನ್ನು ಎಲ್ಲಕ್ಕಿಂತ ಭಾರದ ದಂಡ ಬೀಳಬೇಕಾದದ್ದು ಹ್ಯಾಕ್ ತಯಾರಿಸಿ ಮಾರುವವರ ಮೇಲೆ. ಕಳ್ಳನಿಗೆ ಕಳವಿನ ದಾರಿ ತೋರಿಸುವುದನ್ನು ಶಾಸ್ತ್ರ ‘ಸ್ತೇನಪ್ರಯೋಗ’ ಎಂದು ಅತಿಚಾರಗಳಲ್ಲಿ ಎಲ್ಲಕ್ಕೂ ಮೊದಲು ಎಣಿಸಿದೆ. ದಕ್ಷಿಣ ಕೊರಿಯ 2016ರ ಕೊನೆಯಲ್ಲಿ ತನ್ನ ಕಾಯ್ದೆಯನ್ನು ತಿದ್ದಿ, ಹ್ಯಾಕ್ ತಯಾರಿಸಿ ಹಂಚುವವರಿಗೆ ಐದು ವರ್ಷದವರೆಗೆ ಸೆರೆವಾಸ ಅಥವಾ ಐದು ಕೋಟಿ ವಾನ್‌ವರೆಗೆ ದಂಡವನ್ನು ಗೊತ್ತುಮಾಡಿತು. 2021ರಲ್ಲಿ ಚೀನದ ಪೊಲೀಸರು ಇಂಥ ಒಂದು ಜಾಲದ ಹತ್ತು ಜನರನ್ನು ಹಿಡಿದಾಗ ವಶಕ್ಕೆ ಬಂದ ಆಸ್ತಿಯ ಬೆಲೆ ಸುಮಾರು 4.6 ಕೋಟಿ ಡಾಲರ್. ಮುನ್ನೂರು ರೂಪಾಯಿ ಕೊಟ್ಟ ಹುಡುಗ ಹತ್ತು ವರ್ಷ ಹೊರಗೆ ನಿಂತು, ಆ ಮುನ್ನೂರನ್ನು ತೆಗೆದುಕೊಂಡವನು ನಾಳೆ ಇನ್ನೊಬ್ಬನಿಗೆ ಮಾರುತ್ತಿದ್ದರೆ ಅದು ನ್ಯಾಯದ ತಕ್ಕಡಿಯಲ್ಲ.

ನಮ್ಮ ಮನೆಯಲ್ಲಿ ಆಗ ಎರಡು ಮಾತು ಎದ್ದವು. ಮಗ ಫೋನನ್ನು ಒಡೆದುಹಾಕುತ್ತೇನೆಂದ, ಸೊಸೆ ಆಟದ ಮಾತಿಗೆ ಇಷ್ಟೇಕೆ ಎಂದಳು. ಒಂದು ಹೆಚ್ಚಿನ ತೂಕ, ಒಂದು ಕಡಿಮೆಯ ತೂಕ. ನಾವು ಮೊಮ್ಮಗನನ್ನು ಒಬ್ಬನನ್ನೇ ಕೂರಿಸಿಕೊಂಡು ಅವನ ಬಾಯಿಂದಲೇ ಎಲ್ಲವನ್ನೂ ಕೇಳಿದೆವು. ತಂಡದಲ್ಲಿ ಜೊತೆಯಾಡಿದ ಮೂವರು ಗೆಳೆಯರಿಗೂ ತಂಗಿಗೂ ತಾನೇ ಹೇಳಿ ಕ್ಷಮೆ ಕೇಳಬೇಕು, ಆರು ತಿಂಗಳು ಯಾವ ಆಟವೂ ಇಲ್ಲ, ಆಮೇಲೆ ಬೇರೆ ಆಟವನ್ನು ಸೊನ್ನೆಯಿಂದ ಆರಂಭಿಸಬಹುದು ಎಂದೆವು. ಬೀಗರು ನೆಂಟರಿಗೆ ಈ ಸುದ್ದಿ ಹೋಗಬಾರದೆಂದು ಮನೆಯವರಿಗೆ ಹೇಳಿದೆವು. ಇಲ್ಲಿ ಬರೆದದ್ದು ಅವನಿಗೆ ಓದಿ ತೋರಿಸಿ, ಅವನು ಹೂಂ ಎಂದ ಮೇಲೆ. ಆರು ತಿಂಗಳು ಕಳೆದಿವೆ. ಇಬ್ಬರು ಗೆಳೆಯರು ಮತ್ತೆ ಬರುತ್ತಾರೆ. ಮೂರನೆಯವನು ಇನ್ನೂ ಮಾತಾಡಿಲ್ಲ. ಅದೂ ದಂಡದ ಒಂದು ಭಾಗವೆಂದು ಹುಡುಗ ತಿಳಿದುಕೊಂಡಿದ್ದಾನೆ. ಮೊಮ್ಮಗಳ ಖಾತೆ ಮಾತ್ರ ಮರಳಲಿಲ್ಲ. ಅವಳಿಗೆ ನಾವು ಏನು ಕೊಟ್ಟರೂ ಅದು ಸಮಾಧಾನವಾದೀತೇ ಹೊರತು ನ್ಯಾಯವಾಗದು.

ಕಂಪನಿಗಳು ದೂರ ದೇಶದಲ್ಲಿವೆ, ನಮ್ಮ ಮಾತು ಅಲ್ಲಿಗೆ ಮುಟ್ಟುವುದು ಕಷ್ಟ. ಆದರೆ ಮನೆ ನಮ್ಮ ಕೈಯಲ್ಲಿದೆ. ಸಾಕ್ಷ್ಯ ನೋಡಿ ದಂಡ ಕೊಡಿರಿ, ಕೊಡುವ ಮುಂಚೆ ಕೇಳಿಸಿಕೊಳ್ಳಿರಿ. ಕದ್ದವನಿಗೆ ಮಾತ್ರ ಕೊಡಿರಿ, ಇಷ್ಟು ದಿನವೆಂದು ಹೇಳಿ ಕೊಡಿರಿ, ಮುಗಿದ ದಿನ ಅದನ್ನು ನೆನಪಿನಿಂದಲೂ ತೆಗೆದುಹಾಕಿರಿ. ದಶಲಕ್ಷಣ ಪರ್ವದ ಬಳಿಕ ಕ್ಷಮಾವಣಿಯ ದಿನ ದೊಡ್ಡವರು ಒಬ್ಬರಿಗೊಬ್ಬರು ಕ್ಷಮೆ ಕೇಳುವುದನ್ನು ಮಕ್ಕಳು ನೋಡುತ್ತಾರೆ. ತಾವು ತಪ್ಪಿ ನಡೆದಾಗಲೂ ಆ ಬಾಗಿಲು ತಮಗಾಗಿ ತೆರೆದಿರುತ್ತದೆಂದು ಅವರಿಗೆ ಗೊತ್ತಿರಲಿ. ಆ ನಂಬಿಕೆಯಿದ್ದ ಮಗು ತಪ್ಪನ್ನು ಬಚ್ಚಿಡದೆ ನಮ್ಮ ಮುಂದೆ ತಂದು ಹೇಳುತ್ತದೆ.